ಗೆಣಸಿನ ಹೊಟ್ಟೆ ಸೀಳೋ ಮುಂಚೆ

ಸತತ ನಾಲ್ಕು ಭಾನುವಾರ ನಾನು ಗೆಣಸಿನ ಹೊಟ್ಟೆ ಸೀಳಿ ಒಳಗೆ ಕಾಳು ತುಂಬಿದ್ದೀನಿ. ಐದು ಗಾಜಿನ ಡಬ್ಬಿ, ಐದು ದಿನದ ಊಟ. ಒಂದೊಂದು ಡಬ್ಬಿಯ ಮೇಲೂ ಸೋಮ, ಮಂಗಳ, ಬುಧ ಅಂತ ಚೀಟಿ ಬೇರೆ. ನಾಲ್ಕನೇ ಶುಕ್ರವಾರ ಆಫೀಸಿನ ಪ್ಯಾಂಟ್ರಿಯಲ್ಲಿ ಡಬ್ಬಿ ತೆಗೆದು, ವಾಸನೆ ನೋಡಿ, ಮುಚ್ಚಿ, ಕೆಳಗೆ ಹೋಗಿ ಗೋಬಿ ಮಂಚೂರಿ ತಿಂದು ಬಂದೆ. ಆವತ್ತೇ ಅನ್ನಿಸಿತು, ಇದರ ಬಗ್ಗೆ ಒಂದು ವಿಮರ್ಶೆ ಬರೀಬೇಕು ಅಂತ. ಕಾದಂಬರಿ, ಸಿನಿಮಾಗಳಿಗೆ ವಿಮರ್ಶೆ ಇದೆ. ವಾರದಲ್ಲಿ ಐದು ದಿನ ನಮ್ಮ ಹೊಟ್ಟೆಗೆ ಹೋಗೋ ಪಾಕವಿಧಾನಕ್ಕೆ ಮಾತ್ರ ಐದು ನಕ್ಷತ್ರ, ಇಲ್ಲಾ ಒಂದು ಹಾರ್ಟ್ ಗುರುತು. ಅಷ್ಟೇ.

ಶುರುವಾಗಿದ್ದು ಹೀಗೆ. ಆಫೀಸಿನವರು ವರ್ಷಕ್ಕೊಮ್ಮೆ ಮಾಡಿಸೋ ಹೆಲ್ತ್ ಚೆಕಪ್‌ನಲ್ಲಿ ನನ್ನ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರವರೆಗೆ ಪ್ರಿಡಯಾಬಿಟಿಸ್. ಅಂದ್ರೆ ಇನ್ನೂ ಸಕ್ಕರೆ ಕಾಯಿಲೆ ಅಲ್ಲ, ಆದ್ರೆ ಹೊಸ್ತಿಲ ಮೇಲೆ ನಿಂತಿದ್ದೀಯಪ್ಪ ಅಂತ. ನಮ್ಮಪ್ಪ ಆ ಹೊಸ್ತಿಲು ದಾಟಿ ಹನ್ನೊಂದು ವರ್ಷ ಆಯ್ತು. ನನಗೆ ಮೂವತ್ತಾರು. ಹೆದರಿಕೆ ಆಯ್ತು. ಸಾಫ್ಟ್‌ವೇರ್‌ನವನು ಹೆದರಿದಾಗ ಏನು ಮಾಡ್ತಾನೋ ಅದನ್ನೇ ಮಾಡಿದೆ: ಹುಡುಕಿದೆ, ಸೇವ್ ಮಾಡಿದೆ, ಡಬ್ಬಿಗಳನ್ನ ಆರ್ಡರ್ ಮಾಡಿದೆ.

ಪಾಕವಿಧಾನ ಎಲ್ಲ ಕಡೆ ಹೆಚ್ಚೂಕಡಿಮೆ ಒಂದೇ. ಗೆಣಸು ತೊಳೆದು ಫೋರ್ಕಿನಲ್ಲಿ ಚುಚ್ಚಿ. 200 ಡಿಗ್ರಿ ಓವನ್ನಿನಲ್ಲಿ 45ರಿಂದ 60 ನಿಮಿಷ ಬೇಯಿಸಿ. ಉದ್ದಕ್ಕೆ ಸೀಳಿ, ಒಳಗಿನ ತಿರುಳನ್ನ ಕಿವುಚಿ, ಬ್ಲ್ಯಾಕ್ ಬೀನ್ಸ್, ಜೋಳ, ಈರುಳ್ಳಿ, ಕೊತ್ತಂಬರಿ ತುಂಬಿ. ಮೇಲೆ ಅವಕಾಡೊ, ನಿಂಬೆರಸ, ಒಂದು ಚಮಚ ಗಟ್ಟಿ ಮೊಸರು. ಫೋಟೋದಲ್ಲಿ ಕಿತ್ತಳೆ, ಕಪ್ಪು, ಹಸಿರು, ಬಿಳಿ, ಎಲ್ಲ ಬಣ್ಣ. ತಯಾರಿ ಸಮಯ 10 ನಿಮಿಷ. ಕೆಳಗೆ ಒಂದು ಪೋಷಕಾಂಶದ ಕೋಷ್ಟಕ. ಓದುವಾಗ ಒಂದೇ ಒಂದು ಅನುಮಾನ ಬರಲ್ಲ. ಒಳ್ಳೆ ಡಾಕ್ಯುಮೆಂಟೇಶನ್ ಹಾಗೆಯೇ ಇರುತ್ತೆ. ಸಮಸ್ಯೆ ಗೊತ್ತಾಗೋದು ನಿಮ್ಮ ಮಷೀನಿನಲ್ಲಿ ಓಡಿಸಿದಾಗ.

ಮೊದಲನೇ ಸಮಸ್ಯೆ ಗೆಣಸೇ. ಈ ಪಾಕವಿಧಾನ ಬರೆದವರ ಕಣ್ಣ ಮುಂದೆ ಇರೋದು ಅಮೆರಿಕದ ಕಿತ್ತಳೆ ಗೆಣಸು. ಅಲ್ಲಿ ಬೋರೆಗಾರ್ಡ್ ಅಂತ ಒಂದು ತಳಿ ಇದೆ. ಲೂಸಿಯಾನ ಸ್ಟೇಟ್ ಯೂನಿವರ್ಸಿಟಿಯವರು 1987ರಲ್ಲಿ ಬಿಡುಗಡೆ ಮಾಡಿದ್ದು. ಆ ಜಾತಿಯ ಗೆಣಸು ದಪ್ಪ, ನೀರು ಜಾಸ್ತಿ, ಬೆಂದರೆ ಒಳಗೆ ಹಲ್ವದ ಥರ ಮೆತ್ತಗಾಗುತ್ತೆ. ಸೀಳಿದರೆ ನಿಜವಾಗ್ಲೂ ದೋಣಿ. ನಮ್ಮ ಸಂತೆಯಲ್ಲಿ ಸಿಗೋದು ಕೆಂಪು ಸಿಪ್ಪೆ, ಬಿಳಿ ತಿರುಳಿನ ಗೆಣಸು. ಹಿಟ್ಟು ಹಿಟ್ಟು. ಉದ್ದಕ್ಕೆ, ಸೊಟ್ಟಗೆ, ಅರ್ಧಕ್ಕರ್ಧ ಹೆಬ್ಬೆರಳಿಗಿಂತ ಒಂಚೂರು ದಪ್ಪ. ಅದನ್ನ ಒಣ ಓವನ್ನಿನಲ್ಲಿ ಒಂದು ಗಂಟೆ ಇಟ್ಟರೆ ದೋಣಿ ಆಗಲ್ಲ, ತೊಗಟೆ ಆಗುತ್ತೆ. ಮೊದಲನೇ ಸೋಮವಾರ ಎರಡನೇ ತುತ್ತಿಗೇ ಬಿಕ್ಕಳಿಕೆ ಹತ್ತಿ, ಪಕ್ಕದ ಟೀಮಿನ ಹುಡುಗಿ ಓಡಿಬಂದು ನೀರು ಕೊಟ್ಟಳು. ಊರಲ್ಲಿ ಬಿಳಿ ಗೆಣಸಿನ ಜೊತೆಗೆ ಒಂದು ಲೋಟ ಮಜ್ಜಿಗೆ ಇಟ್ಟುಕೊಳ್ಳೋದು ಯಾಕೆ ಅಂತ ನನಗೆ ಗೊತ್ತಿತ್ತು. ಪಾಕವಿಧಾನಕ್ಕೆ ಗೊತ್ತಿರಲಿಲ್ಲ.

ಇದು ಸಣ್ಣ ವಿಷಯ ಅಲ್ಲ. ಗೆಣಸಿಗೆ 'ಸೂಪರ್‌ಫುಡ್' ಅನ್ನೋ ಕಿರೀಟ ಬಂದಿರೋದರಲ್ಲಿ ದೊಡ್ಡ ಪಾಲು ಆ ಕಿತ್ತಳೆ ಬಣ್ಣದ್ದು, ಅಂದ್ರೆ ಬೀಟಾ ಕ್ಯಾರೋಟಿನ್‌ದು. ನಮ್ಮ ದೇಹ ಅದನ್ನ ವಿಟಮಿನ್ ಎ ಮಾಡಿಕೊಳ್ಳುತ್ತೆ. ಆಫ್ರಿಕಾದ ದೇಶಗಳಲ್ಲಿ ಮಕ್ಕಳ ವಿಟಮಿನ್ ಎ ಕೊರತೆ ನೀಗಿಸೋಕೆ ಕಿತ್ತಳೆ ಗೆಣಸನ್ನ ಹಬ್ಬಿಸಿದ ಕೆಲಸಕ್ಕೆ 2016ರ ವಿಶ್ವ ಆಹಾರ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿದೆ. ಮರಿಯಾ ಆಂಡ್ರೇಡ್, ರಾಬರ್ಟ್ ಮ್ವಾಂಗಾ, ಜಾನ್ ಲೋ ಆ ಕೆಲಸ ಮಾಡಿದವರು. ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೆ ಬಿಳಿ ತಿರುಳಿನ ಗೆಣಸಿನಲ್ಲಿ ಆ ಕ್ಯಾರೋಟಿನ್ ತೀರಾ ಕಮ್ಮಿ. ಇಲ್ಲಿಯವರು ಬಿಳಿ ಗೆಣಸಿನ ಫೋಟೋ ಹಾಕಿ, ಕಿತ್ತಳೆ ಗೆಣಸಿನ ಕೋಷ್ಟಕ ಅಂಟಿಸ್ತಾರೆ. ಬೇರೆಯವರ ರೆಸ್ಯೂಮೆ ಕೆಳಗೆ ನನ್ನ ಹೆಸರು ಬರೆದ ಹಾಗೆ. ನಮ್ಮಲ್ಲೂ ಕಿತ್ತಳೆ ತಳಿ ಇಲ್ಲದೇ ಇಲ್ಲ. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ 'ಭೂ ಸೋನಾ' ಅನ್ನೋ ಕಿತ್ತಳೆ ತಳಿ, 'ಭೂ ಕೃಷ್ಣ' ಅನ್ನೋ ನೇರಳೆ ತಳಿ ಎರಡನ್ನೂ ಕೊಟ್ಟಿದೆ. ನಮ್ಮೇರಿಯಾದ ತಳ್ಳುಗಾಡಿಯವನನ್ನ ಕೇಳಿದರೆ, 'ಕ್ಯಾರೆಟ್ ಇದೆ ಸಾರ್, ಕೊಡ್ಲಾ?' ಅಂದ.

ಇನ್ನು ಓವನ್ನಿನ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ, ಯಾಕಂದ್ರೆ ಬೇಕ್ ಮಾಡಿದ ಗೆಣಸು ನನಗೆ ಹೊಸದೇನಲ್ಲ.

ನಮ್ಮೂರು ತುರುವೇಕೆರೆ ಕಡೆ. ಬಚ್ಚಲಲ್ಲಿ ಹಂಡೆ, ಹಂಡೆ ಕೆಳಗೆ ನೀರೊಲೆ. ತೆಂಗಿನ ಮಟ್ಟೆ, ಕರಟ, ಸೋಗೆ ಹಾಕಿ ಉರಿಸೋದು. ಸಂಕ್ರಾಂತಿ ಆಸುಪಾಸಿನಲ್ಲಿ ರಾತ್ರಿ ಉರಿ ಆರಿದ ಮೇಲೆ ಅಜ್ಜಿ ಬಿಸಿ ಬೂದಿ ಕೆದಕಿ, ನಾಲ್ಕೈದು ಗೆಣಸು ಹೂತು, ಮೇಲೆ ಬೂದಿ ಎಳೆದು ಮಲಗೋರು. ಬೆಳಿಗ್ಗೆ ಸ್ಕೂಲಿಗೆ ಹೋಗೋ ಮುಂಚೆ ಕಡ್ಡಿಯಿಂದ ಕೆದಕಿ ತೆಗೆಯೋದು ನನ್ನ ಕೆಲಸ. ಸಿಪ್ಪೆ ಕಪ್ಪಗೆ ಸುಕ್ಕಾಗಿ, ಒಂದು ಕಡೆ ಜೇನಿನ ಥರ ಅಂಟು ಒಸರಿ ಬೂದಿ ಮೆತ್ತಿಕೊಂಡಿರೋದು. ಬಾಯಲ್ಲಿ ಊದಿ, ಅಂಗಿಗೆ ಒರೆಸಿ, ಅಲ್ಲೇ ನಿಂತು ತಿನ್ನೋದು. ಅದೇ ಬಿಳಿ ಗೆಣಸು. ಅದೇ ತಳಿ. ಅದು ಯಾಕೆ ಅಷ್ಟು ಸಿಹಿ, ನನ್ನ ಓವನ್ನಿನದು ಯಾಕೆ ಅಲ್ಲ?

ಉತ್ತರ ಇದೆ. ಗೆಣಸಿನಲ್ಲಿ ಬೀಟಾ ಅಮೈಲೇಸ್ ಅನ್ನೋ ಕಿಣ್ವ ಇದೆ. ಬೇಯ್ತಿರೋ ಪಿಷ್ಟವನ್ನ ಅದು ಮಾಲ್ಟೋಸ್ ಅನ್ನೋ ಸಕ್ಕರೆಯಾಗಿ ಒಡೆಯುತ್ತೆ. ಅದು ಚೆನ್ನಾಗಿ ಕೆಲಸ ಮಾಡೋದು ಹೆಚ್ಚೂಕಡಿಮೆ 60ರಿಂದ 75 ಡಿಗ್ರಿ ನಡುವೆ. ಗೆಣಸಿನ ಒಡಲು ಆ ಶಾಖದಲ್ಲಿ ಎಷ್ಟು ಹೊತ್ತು ಇರುತ್ತೋ ಅಷ್ಟು ಸಿಹಿ. ಬೇಗ ಬಿಸಿಯಾದರೆ ಕಿಣ್ವ ಸತ್ತು ಹೋಗುತ್ತೆ. ಅದಕ್ಕೇ ಮೈಕ್ರೋವೇವಿನಲ್ಲಿ ಐದು ನಿಮಿಷಕ್ಕೆ ಬೆಂದ ಗೆಣಸು ಸಪ್ಪೆ. ಆರುತ್ತಿರೋ ಬೂದಿ ರಾತ್ರಿಯಿಡೀ ಮಾಡೋ ಕೆಲಸ ಇದೇ. ಅಜ್ಜಿಗೆ ಅಮೈಲೇಸ್ ಗೊತ್ತಿರಲಿಲ್ಲ, ಬೂದಿ ಗೊತ್ತಿತ್ತು. ಪಾಕವಿಧಾನ ಬರೆಯೋರು '200 ಡಿಗ್ರಿ, 45 ನಿಮಿಷ' ಅಂತ ಬರೆದು ಮುಂದೆ ಹೋಗ್ತಾರೆ. ಯಾಕೆ ಅನ್ನೋದನ್ನ ಹೇಳಲ್ಲ. ಯಾಕೆ ಅಂತ ಹೇಳಿದ್ದರೆ ನಾನು ಸಣ್ಣ ಗೆಣಸಿಗೆ ಶಾಖ ಇಳಿಸಿ, ತಟ್ಟೆ ಮುಚ್ಚಿ, ನಿಧಾನಕ್ಕೆ ಬೇಯಿಸ್ತಿದ್ದೆ.

ಹಾಗಂತ ನೀರೊಲೆಯನ್ನ ನಾನು ಹೊಗಳ್ತಾ ಕೂರಲ್ಲ. ಆ ಹೊಗೆಗೆ ಅವ್ವನ ಕಣ್ಣು ಸದಾ ಕೆಂಪಗಿರೋದು. ಈಗ ಊರಲ್ಲಿ ಸೋಲಾರ್ ಇದೆ, ಹಂಡೆಯಲ್ಲಿ ಕೋಳಿ ಕಾವಿಗೆ ಕೂತಿದೆ. ಒಳ್ಳೇದೇ ಆಯ್ತು. ಮತ್ತೆ, ನಾವು ಗೆಣಸು ತಿಂತಿದ್ದದ್ದು ನಾರಿನಂಶ ನೋಡಿ ಅಲ್ಲ. ಬೆಳಿಗ್ಗೆ ತಿಂಡಿ ಅನ್ನೋದು ದಿನಾ ಇರ್ತಿರಲಿಲ್ಲ. ಗೆಣಸಿತ್ತು, ತಿಂದ್ವಿ.

ಇಂಜಿನಿಯರಿಂಗ್ ಹಾಸ್ಟೆಲಿಗೆ ಸೇರಿದ ಮೊದಲ ವರ್ಷ ಅವ್ವ ಸ್ಟೀಲ್ ಡಬ್ಬಿಯಲ್ಲಿ ಬೇಯಿಸಿದ ಗೆಣಸು, ಕಡಲೆಕಾಯಿ ತುಂಬಿ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದ್ದಳು. ರೂಮಿನಲ್ಲಿ ಮೂರು ಜನ ಬೆಂಗಳೂರು ಹುಡುಗರು. ಒಬ್ಬ ಡಬ್ಬಿ ನೋಡಿ, 'ಮಗಾ, ಇದು ಹಸುಗೆ ಹಾಕೋದಲ್ವಾ?' ಅಂದ. ಎಲ್ಲ ನಕ್ಕರು, ನಾನೂ ನಕ್ಕೆ. ಕಡಲೆಕಾಯಿ ಹಂಚಿ ತಿಂದ್ವಿ. ಗೆಣಸನ್ನ ರಾತ್ರಿ ಯಾರೂ ಇಲ್ಲದಾಗ ಹಾಸ್ಟೆಲ್ ಹಿಂದಿನ ತಿಪ್ಪೆಗೆ ಸುರಿದು ಬಂದೆ. ಡಬ್ಬಿ ತೊಳೆದು ವಾಪಸ್ ಕಳಿಸಿದೆ. 'ಎಲ್ಲಾರೂ ತಿಂದ್ರೇನಪ್ಪ?' ಅಂತ ಫೋನಲ್ಲಿ ಕೇಳಿದಳು. 'ಹೂಂ ಅವ್ವ, ಸಾಲಲಿಲ್ಲ' ಅಂದೆ.

ಹೋದ ತಿಂಗಳು ನಮ್ಮ ಆಫೀಸಿನ ಹತ್ತಿರದ ಕೆಫೆಯೊಂದರಲ್ಲಿ ಟೀಮ್ ಲಂಚ್. ಮೆನುವಿನಲ್ಲಿ 'ಸ್ಟಫ್ಡ್ ಸ್ವೀಟ್ ಪೊಟೇಟೊ', 389 ರೂಪಾಯಿ, ಟ್ಯಾಕ್ಸ್ ಬೇರೆ. ಆರ್ಡರ್ ಮಾಡಿದೆ. ಅರ್ಧ ಗೆಣಸು ಬಂತು. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಲ್ಲ. ಆದರೆ ತಿನ್ನುವಾಗ ಆ ತಿಪ್ಪೆ ಕಣ್ಣ ಮುಂದೆ ಬಂತು. ಈ ಪಾಕವಿಧಾನದ ಮೇಲೆ ನನಗಿರೋ ಸಿಟ್ಟಿನಲ್ಲಿ ಸ್ವಲ್ಪ ಭಾಗ ಇಲ್ಲಿಂದ ಬಂದಿರೋದು. ವಿಮರ್ಶಕ ತನ್ನ ಹಿತಾಸಕ್ತಿ ಮೊದಲೇ ಹೇಳಬೇಕಂತೆ, ಹೇಳಿದ್ದೀನಿ.

ಈಗ 'ಹೆಲ್ದಿ' ಅನ್ನೋ ಪದಕ್ಕೆ ಬರೋಣ. ನಮ್ಮಪ್ಪನಿಗೆ ಡಾಕ್ಟರು ಮೊದಲ ದಿನವೇ ಹೇಳಿದ್ದು, 'ಆಲೂಗೆಡ್ಡೆ, ಗೆಣಸು ಮುಟ್ಟಬೇಡಿ.' ಅಪ್ಪ ಅಕ್ಷರಶಃ ಮುಟ್ಟಿಲ್ಲ, ತನ್ನ ಹೊಲದಲ್ಲಿ ತಾನೇ ಬೆಳೆದದ್ದನ್ನ. ನನ್ನ ಫೋನಿನ ಆ್ಯಪ್ ಅದೇ ಗೆಣಸಿಗೆ ಹಸಿರು ಟಿಕ್ ಹಾಕುತ್ತೆ. ಇಬ್ಬರಲ್ಲಿ ಯಾರು ಸರಿ?

ಲೆಕ್ಕ ಹಾಕೋಣ. 100 ಗ್ರಾಂ ಹಸಿ ಗೆಣಸಿನಲ್ಲಿ ಸುಮಾರು 86 ಕ್ಯಾಲೊರಿ, 20 ಗ್ರಾಂ ಕಾರ್ಬೊಹೈಡ್ರೇಟ್, 3 ಗ್ರಾಂ ನಾರು, ಒಂದೂವರೆ ಗ್ರಾಂ ಚಿಲ್ಲರೆ ಪ್ರೊಟೀನ್. ದೋಣಿ ಮಾಡೋಕೆ ಬೇಕಾದ ದಪ್ಪ ಗೆಣಸು 200 ಗ್ರಾಂ ತೂಗುತ್ತೆ. ಅಂದ್ರೆ 40 ಗ್ರಾಂ ಕಾರ್ಬೊಹೈಡ್ರೇಟ್. ವಿಷವೂ ಅಲ್ಲ, ಅಮೃತವೂ ಅಲ್ಲ. ಅನ್ನದ ಬದಲು ತಿಂದರೆ ಒಂದು ಲೆಕ್ಕ, ಅನ್ನದ ಜೊತೆಗೆ ತಿಂದರೆ ಬೇರೆ ಲೆಕ್ಕ. ಅಮೆರಿಕದ ತಟ್ಟೆಯಲ್ಲಿ ಅದು ಬಿಳಿ ಆಲೂಗೆಡ್ಡೆಯ ಜಾಗಕ್ಕೆ ಬರುತ್ತೆ. ನಮ್ಮ ತಟ್ಟೆಯಲ್ಲಿ ಅದು 'ತರಕಾರಿ' ಅಂತ ಒಳಗೆ ನುಗ್ಗಿ, ಅನ್ನದ ಪಕ್ಕದಲ್ಲಿ ಕೂರುತ್ತೆ. ನಾನೇ ಮೊದಲ ವಾರ ಮಧ್ಯಾಹ್ನ ಗೆಣಸು ತಿಂದು, 'ಬರೀ ತರಕಾರಿ ತಿಂದಿದ್ದೀನಿ' ಅಂತ ರಾತ್ರಿ ಎರಡು ಮುದ್ದೆ ಮುರಿದಿದ್ದೀನಿ.

ಇನ್ನೊಂದು ವಿಷಯ ಯಾವ ಪಾಕವಿಧಾನವೂ ಹೇಳಲ್ಲ. ನೀರಲ್ಲಿ ಬೇಯಿಸಿದ ಗೆಣಸಿಗಿಂತ ಬೇಕ್ ಮಾಡಿದ ಗೆಣಸಿನ ಗ್ಲೈಸೆಮಿಕ್ ಸೂಚ್ಯಂಕ ಜಾಸ್ತಿ, ಅಂದ್ರೆ ರಕ್ತಕ್ಕೆ ಸಕ್ಕರೆ ಬೇಗ ಏರುತ್ತೆ. ನಾನು ಇಷ್ಟಪಡೋ ಬೂದಿ ಗೆಣಸಿನ ಸಿಹಿಯೇ ನನ್ನ ರಿಪೋರ್ಟಿಗೆ ಒಳ್ಳೇದಲ್ಲ. ಇದನ್ನ ಒಪ್ಪಿಕೊಳ್ಳೋಕೆ ನನಗೆ ಒಂದು ವಾರ ಬೇಕಾಯ್ತು. ಸಕ್ಕರೆ ಕಾಯಿಲೆಯವರಿಗೆ ಅಂತಲೇ ಬರೆದ ಪಾಕವಿಧಾನಗಳೂ ಕಣ್ಣು ಮುಚ್ಚಿಕೊಂಡು ಬೇಕ್ ಮಾಡಿ ಅನ್ನುತ್ತವೆ. ಯಾಕೆ? ಬೇಯಿಸಿದ ಗೆಣಸು ಫೋಟೋಗೆ ಚೆನ್ನಾಗಿ ಕಾಣಲ್ಲ. ಸೀಳಿದರೆ ಮುರಿಯುತ್ತೆ, ದೋಣಿ ನಿಲ್ಲಲ್ಲ. ಆರೋಗ್ಯದ ಹೆಸರಲ್ಲಿ ಬಂದ ಅಡುಗೆ ಕೊನೆಗೆ ಕ್ಯಾಮೆರಾದ ಮಾತು ಕೇಳಿತು. ಈ ಪಾಕವಿಧಾನದ ಮೇಲೆ ನನ್ನ ಮುಖ್ಯ ಆರೋಪ ಇದು.

ಐದು ಡಬ್ಬಿಯ ಲೆಕ್ಕವೂ ಬಿದ್ದುಹೋಗುತ್ತೆ. ಬೇಯಿಸಿದ ಆಹಾರ ಫ್ರಿಜ್‌ನಲ್ಲಿ ಮೂರ್ನಾಲ್ಕು ದಿನ ಅನ್ನೋದು ಅಮೆರಿಕದ ಕೃಷಿ ಇಲಾಖೆಯೇ ಹೇಳೋ ಮಾತು. ಭಾನುವಾರ ಮಾಡಿದ್ದು ಗುರುವಾರಕ್ಕೆ ಮುಗೀತು. ಶುಕ್ರವಾರದ ಡಬ್ಬಿ ಬರೀ ಆಶಾವಾದ. ನಮ್ಮನೆಯಲ್ಲಿ ಕರೆಂಟ್ ಹೋಗಿ ಬರೋದನ್ನ ಸೇರಿಸಿದರೆ ಬುಧವಾರದ ಡಬ್ಬಿಗೂ ಗ್ಯಾರಂಟಿ ಕೊಡಲಾರೆ. ಅವಕಾಡೊ ಸೋಮವಾರ ಬೆಳಿಗ್ಗೆಗೇ ಕಂದು. ಇನ್ನು ಹಸಿ ಗೆಣಸನ್ನ 'ತಾಜಾ ಇರಲಿ' ಅಂತ ಫ್ರಿಜ್‌ನಲ್ಲಿ ಇಡಿ ಅಂತ ಒಬ್ಬರು ಬರೆದಿದ್ದರು. ದಯವಿಟ್ಟು ಇಡಬೇಡಿ. ತಣ್ಣಗೆ 13ರಿಂದ 15 ಡಿಗ್ರಿ ಅದಕ್ಕೆ ಸರಿ. ಫ್ರಿಜ್‌ನ ಚಳಿಗೆ ನಡುವೆ ಗಟ್ಟಿ ಕಟ್ಟಿ, ಎಷ್ಟು ಬೇಯಿಸಿದರೂ ಬೇಯಲ್ಲ. ಬುಟ್ಟಿಯಲ್ಲಿ, ಗಾಳಿಯಾಡೋ ಕಡೆ ಸಾಕು.

'ತಯಾರಿ ಸಮಯ 10 ನಿಮಿಷ' ಅನ್ನೋದರ ಬಗ್ಗೆ ನನ್ನ ಹೆಂಡತಿಯ ಅಭಿಪ್ರಾಯ ಇಲ್ಲಿ ದಾಖಲಾಗಲಿ: 'ನೀನು ಐದು ಡಬ್ಬಿ ಮಾಡಿದೆ. ನಾನು ಹದಿಮೂರು ಪಾತ್ರೆ ತೊಳೆದೆ. ಅದು ಯಾವ ಸಮಯದಲ್ಲಿ ಬರುತ್ತೆ?' ನನ್ನ ಲೆಕ್ಕದಲ್ಲಿ ಬೀನ್ಸ್ ನೆನೆಸೋದು ಬಿಟ್ಟು ಎರಡು ಗಂಟೆ ಇಪ್ಪತ್ತು ನಿಮಿಷ. ಭಾನುವಾರ ಮಧ್ಯಾಹ್ನ.

ಅಲ್ಲೇ ನನಗೆ ಇನ್ನೊಂದು ಪ್ರಶ್ನೆ ಎದ್ದಿದ್ದು. ಮೀಲ್ ಪ್ರೆಪ್ ಅನ್ನೋದು ನಿಜಕ್ಕೂ ಬ್ಯಾಚ್ ಜಾಬ್. ವಾರದ ದಿನ ಸರ್ವರ್ ಮೇಲೆ ಲೋಡ್ ಜಾಸ್ತಿ, ಅದಕ್ಕೆ ಭಾನುವಾರ ಓಡಿಸು. ನಾವು ಯಾವತ್ತಾದರೂ ಲೋಡ್ ಯಾಕೆ ಜಾಸ್ತಿ ಅಂತ ಕೇಳ್ತೀವಾ? ಬೆಳಿಗ್ಗೆ ಹತ್ತಕ್ಕೆ ಸ್ಟ್ಯಾಂಡಪ್, ರಾತ್ರಿ ಎಂಟೂವರೆಗೆ ಅಮೆರಿಕದವರ ಕಾಲ್, ನಡುವೆ ರಿಂಗ್ ರೋಡಿನಲ್ಲಿ ಮೂರು ಗಂಟೆ. ತಿಂಗಳಿಗೆ ಊರಿನ ಒಂದು ಮನೆ ವರ್ಷಕ್ಕೆ ಕಾಣದಷ್ಟು ಸಂಬಳ ತಗೊಳ್ಳೋ ಮನುಷ್ಯನಿಗೆ ಮಂಗಳವಾರ ರಾತ್ರಿ ಒಂದು ಕುಕ್ಕರ್ ಇಡೋಕೆ ಆಗಲ್ಲ. ಪಾಕವಿಧಾನಕ್ಕೆ ಈ ಪ್ರಶ್ನೆ ಬೇಡ. ಅದು ನನ್ನ ಭಾನುವಾರವನ್ನೂ ಸ್ಪ್ರಿಂಟ್ ಪ್ಲ್ಯಾನಿಂಗ್ ಮಾಡಿ, 'ಸ್ವಯಂ ಕಾಳಜಿ' ಅಂತ ಹೆಸರಿಟ್ಟಿತು. ಆದರೂ ನಾನು ಕೆಲಸ ಬಿಡಲ್ಲ, ಇಎಂಐ ಇದೆ. ಹಾಗಾಗಿ ಡಬ್ಬಿಯೂ ಬೇಕು.

ಬೈದದ್ದು ಸಾಕು, ಅದರ ಒಳ್ಳೇತನವನ್ನೂ ಹೇಳಬೇಕು. ಗೆಣಸಿನ ಜೊತೆ ಕಾಳು ಸೇರಿಸೋ ಬುದ್ಧಿ ಅಪ್ಪಟ ಸರಿ. ಬರೀ ಗೆಣಸಿನಲ್ಲಿ ಪ್ರೊಟೀನ್ ಇಲ್ಲವೇ ಇಲ್ಲ ಅನ್ನಬಹುದು. ಅರ್ಧ ಕಪ್ ಬೆಂದ ಕಾಳಿನಲ್ಲಿ ಸುಮಾರು 7 ಗ್ರಾಂ ಸಿಗುತ್ತೆ, ಸಕ್ಕರೆ ಏರೋದೂ ನಿಧಾನ. ಸಿಪ್ಪೆ ಸಮೇತ ತಿನ್ನಿಸೋದು ಒಳ್ಳೇದು. ಮೇಲೆ ಒಂಚೂರು ಕೊಬ್ಬು ಹಾಕೋದೂ ಸರಿ, ಕ್ಯಾರೋಟಿನ್ ಮೈಗೆ ಹತ್ತೋಕೆ ಕೊಬ್ಬು ಬೇಕು. ಮಧ್ಯಾಹ್ನ ಒಂದು ಗಂಟೆಗೆ ಕೈಗೆ ಸಿಗೋ ಹಾಗೆ ಡಬ್ಬಿ ಇದ್ದರೆ ಕೆಳಗಿನ ಗೋಬಿ ಮಂಚೂರಿ ಕಡೆ ಕಾಲು ಹೋಗಲ್ಲ. ಮೂರು ದಿನವಾದರೂ ಹೋಗಲ್ಲ.

ಸಂಕ್ರಾಂತಿ ಕಳೆದ ವಾರ ಅಪ್ಪ, ಅವ್ವ ಬಂದಿದ್ದರು. ಚೀಲದ ತುಂಬ ಗೆಣಸು, ತೆಂಗಿನಕಾಯಿ, ಅವರೆಕಾಯಿ. ಭಾನುವಾರ ನಾನು ಓವನ್ ಹಚ್ಚಿ ಶುರು ಮಾಡಿದೆ. ಅವ್ವ ಬಾಗಿಲಿಗೆ ಒರಗಿ ನೋಡ್ತಾ ನಿಂತಳು. ಸೀಳಿದೆ, ಕಿವುಚಿದೆ, ಕಾಳು ತುಂಬಿದೆ, ಅರ್ಧ ಆಚೆ ಚೆಲ್ಲಿತು.

'ಉಸ್ಲೀನ ಪಕ್ಕಕ್ಕೆ ಹಾಕ್ಕೊಂಡು ತಿನ್ನೋದ್ ಬಿಟ್ಟು, ಅದ್ರ ಹೊಟ್ಟೆ ಯಾಕ್ ಸೀಳ್ತೀಯಪ್ಪ?' ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜ, ತುಂಬೋದರಿಂದ ರುಚಿಗೆ ಏನೂ ಸೇರಲ್ಲ. ಬದನೆಕಾಯಿ ಎಣಗಾಯಿ ಥರ ಮಸಾಲೆ ಒಳಗೆ ಇಳಿದು ಒಟ್ಟಿಗೆ ಬೇಯೋದಲ್ಲ ಇದು. ಬೆಂದ ಗೆಣಸಿನೊಳಗೆ ಬೆಂದ ಕಾಳು ಕೂತಿರುತ್ತೆ ಅಷ್ಟೇ. ಒಟ್ಟಿಗೆ ಇಟ್ಟರೆ ಕಾಳಿನ ನೀರು ಗೆಣಸಿಗೆ ಇಳಿದು ಎರಡೂ ಬೇಗ ಹಳಸುತ್ತವೆ. ಬೇರೆ ಬೇರೆ ಇದ್ದರೆ ಚೆನ್ನಾಗಿ ಬಾಳುತ್ತವೆ. ಇಪ್ಪತ್ತು ಪಾಕವಿಧಾನ ಓದಿ ನನಗೆ ಹೊಳೆಯದೇ ಇದ್ದದ್ದು.

ಆವತ್ತಿನಿಂದ ಹೀಗೆ ಮಾಡ್ತಿದ್ದೀನಿ. ಗೆಣಸನ್ನ ಸಿಪ್ಪೆ ಸಮೇತ, ಉಪ್ಪು ಹಾಕಿದ ನೀರಲ್ಲಿ, ಕುಕ್ಕರ್‌ನಲ್ಲಿ ಎರಡು ಸೀಟಿ. ಊಟಕ್ಕೆ 120 ಗ್ರಾಂ, ತೂಕ ಮಾಡ್ತೀನಿ, ನಾಚಿಕೆ ಇಲ್ಲ. ಅಲಸಂದೆ ಕಾಳೋ ಹೆಸರುಕಾಳೋ ಅವರೆಕಾಳೋ ಯಾವುದಾದರೂ ಒಂದರ ಉಸ್ಲಿ: ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಈರುಳ್ಳಿ. ತೆಂಗಿನತುರಿ, ನಿಂಬೆರಸ ತಿನ್ನೋ ಹೊತ್ತಿಗೆ. ಕಾಯಿತುರಿ ಹಾಕಿಟ್ಟರೆ ಎರಡೇ ದಿನಕ್ಕೆ ಕೈ ಕೊಡುತ್ತೆ. ಮೂರು ಡಬ್ಬಿ, ಸೋಮದಿಂದ ಬುಧ. ಬುಧವಾರ ರಾತ್ರಿ ಕಾಲ್‌ನಲ್ಲಿ ಮ್ಯೂಟ್ ಮಾಡಿಕೊಂಡು ಮತ್ತೆ ಕುಕ್ಕರ್ ಇಡ್ತೀನಿ. ಒಮ್ಮೆ ಮ್ಯೂಟ್ ಮಾಡೋದು ಮರೆತು ಸೀಟಿ ಕ್ಲೈಂಟಿಗೆ ಕೇಳಿತು. 'ಈಸ್ ದಟ್ ಎ ಟ್ರೇನ್?' ಅಂದ. ಹೌದು ಅಂದೆ.

ಆ ಭಾನುವಾರ ಅವ್ವ ಬೇಯಿಸಿದ್ದನ್ನ ತಟ್ಟೆಗೆ ಹಾಕುವಾಗ ಅಪ್ಪ ಟಿವಿ ನೋಡೋ ಹಾಗೆ ನಟಿಸ್ತಾ ತಟ್ಟೆಯನ್ನೇ ನೋಡ್ತಿದ್ದರು. ನಾನು ಅವರ ಈಗಿನ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಸಣ್ಣದೊಂದು ತುಂಡು, ಅನ್ನ ಬಿಟ್ಟು, ಕಾಳಿನ ಜೊತೆ ಕೊಟ್ಟು ನೋಡಿ, ಎರಡು ಗಂಟೆ ಬಿಟ್ಟು ಚೆಕ್ ಮಾಡಿ ಅಂದರು. ಅವ್ವ ಅರ್ಧ ಗೆಣಸು ಮುರಿದು ಕೊಟ್ಟಳು. ಅಪ್ಪ ಸಿಪ್ಪೆಯನ್ನೂ ಬಿಡಲಿಲ್ಲ. ಎರಡು ಗಂಟೆ ಮೂವರೂ ಗಡಿಯಾರ ನೋಡ್ತಾ ಕೂತಿದ್ವಿ. ಬೆರಳು ಚುಚ್ಚಿ ಮೀಟರಿಗೆ ಇಟ್ಟೆ. 164 ಬಂತು.

'ಎಷ್ಟಾಯ್ತು?' ಅಂದರು ಅಪ್ಪ.

ಹೇಳಿದೆ. ಅನ್ನ ಉಂಡ ದಿನಕ್ಕಿಂತ ಕಮ್ಮಿಯೇ ಇತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅವ್ವನ ಕಡೆ ತಿರುಗಿ, 'ಇನ್ನರ್ಧ ಎತ್ತಿಟ್ಟಿದ್ದೀಯೇನೆ?' ಅಂತ ಕೇಳಿದರು.